ನಾಲ್ವರು ಹೊರಟೆವು, ಒಬ್ಬಳು ಉಳಿದೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

 

ನನಗೆ ಭಾಷಣ ಮಾಡಿ ರೂಢಿಯಿಲ್ಲ. ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷವಾಯಿತು. ಮೈಕು ಹಿಡಿದದ್ದು ಎರಡೇ ಸಲ, ಎರಡೂ ಸಲ ಯಾರದೋ ಬೀಳ್ಕೊಡುಗೆಯಲ್ಲಿ. ಕಾರ್ಯದರ್ಶಿಯವರು ಫೋನ್ ಮಾಡಿ, ‘ನೀವು ಪುಣೆಗೆ ಬಂದದ್ದರ ಬಗ್ಗೆ ಹೇಳಿ, ಅದೇ ಸಾಕು’ ಅಂದರು. ಧಾರವಾಡದಿಂದ ಪುಣೆಗೆ ಬರುವುದು ಅಂಥ ದೊಡ್ಡ ಸಂಗತಿಯೇನೂ ಅಲ್ಲ. ನಾನೂರು ಕಿಲೋಮೀಟರ್ ಚಿಲ್ಲರೆ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಸ್ವಾರಗೇಟ್. ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧ ಜನ ಆ ದಾರಿಯಲ್ಲೇ ಬಂದವರು. ಆದರೆ ನಾನು ಬಂದದ್ದು ಸ್ವಲ್ಪ ತಡವಾಗಿ, ಐವತ್ತೊಂದನೆಯ ವಯಸ್ಸಿನಲ್ಲಿ, ಮೂವರು ಗೆಳತಿಯರ ಜೊತೆ ಒಂದು ಹಳೆಯ ವ್ಯಾಗನ್‌ಆರ್‌ನಲ್ಲಿ. ಮದುವೆಯಾಗಿ ಬಂದವಳಲ್ಲ, ಮಕ್ಕಳ ಮನೆಗೆ ಬಂದವಳೂ ಅಲ್ಲ. ಬಡ್ತಿ ತೆಗೆದುಕೊಂಡು ಬಂದೆ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಕ್ಲರ್ಕ್ ಆಗಿ ಸೇರಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಕ್ಲರ್ಕ್ ಆಗಿಯೇ ನಿವೃತ್ತರಾಗುತ್ತಾರೆ. ಬುದ್ಧಿ ಇಲ್ಲವೆಂದಲ್ಲ. ಆಫೀಸರ್ ಆದರೆ ವರ್ಗಾವಣೆ, ವರ್ಗಾವಣೆ ಎಂದರೆ ಮನೆ ಬಿಡಬೇಕು, ಮನೆ ಬಿಟ್ಟರೆ ಮುಂದಿನದನ್ನು ನೋಡುವವರು ಯಾರು? ನಾನು 1990ರಲ್ಲಿ ಸೇರಿದೆ. 1999ರಲ್ಲಿ ಮಗಳು ಚಿಕ್ಕವಳು ಅಂತ ಬಡ್ತಿ ಬೇಡವೆಂದು ಬರೆದುಕೊಟ್ಟೆ. 2008ರಲ್ಲಿ ಮಾವನವರಿಗೆ ಹುಷಾರಿಲ್ಲವೆಂದು ಬರೆದುಕೊಟ್ಟೆ. ಎರಡೂ ಸಲ ಮನೆಯಲ್ಲಿ ಯಾರೂ ‘ಬೇಡ ಅನ್ನು’ ಎಂದು ನನಗೆ ಹೇಳಲಿಲ್ಲ. ‘ಹೋಗು’ ಅಂತಲೂ ಹೇಳಲಿಲ್ಲ. ಆ ಸುಮ್ಮನಿರುವುದರ ಅರ್ಥ ನಮಗೆ ಗೊತ್ತಾಗುತ್ತದಲ್ಲ.

ಆಮೇಲೆ 2016ರ ನವೆಂಬರ್ 8 ಬಂತು. ಐನೂರು, ಸಾವಿರದ ನೋಟು ಹೋದ ರಾತ್ರಿ. ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ ನಮ್ಮ ಶಾಖೆಯ ಸಾಲು ರಸ್ತೆಗೆ ಮುಟ್ಟುತ್ತಿತ್ತು. ರಾತ್ರಿ ಒಂಬತ್ತಾದರೂ ಲೆಕ್ಕ ಹೊಂದುತ್ತಿರಲಿಲ್ಲ. ಹೊಸದಾಗಿ ಬಂದಿದ್ದ ಆಫೀಸರ್ ಹುಡುಗ, ನನ್ನ ಮಗಳ ವಾರಿಗೆಯವನು, ‘ಮೇಡಂ, ಇದನ್ನ ಹ್ಯಾಂಗ ಮಾಡೋದು?’ ಎಂದು ಪ್ರತಿಯೊಂದನ್ನೂ ನನ್ನನ್ನು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ, ಅವನು ಸಹಿ ಹಾಕುತ್ತಿದ್ದ. ಒಳ್ಳೆಯ ಹುಡುಗ, ಅವನ ತಪ್ಪೇನೂ ಇಲ್ಲ. ಆದರೆ ಡಿಸೆಂಬರ್ ಮುಗಿಯುವಷ್ಟರಲ್ಲಿ ನನಗೆ ಒಂದು ತೀರ್ಮಾನವಾಗಿತ್ತು. ಪರೀಕ್ಷೆಗೆ ಕುಳಿತೆ, ಪಾಸಾದೆ. 2017ರ ಜೂನ್‌ನಲ್ಲಿ ಆರ್ಡರ್ ಬಂತು. ಪುಣೆ.

ಮನೆಯಲ್ಲಿ ಆಗ ಯಜಮಾನರು ಮತ್ತು ಅತ್ತೆ. ಅತ್ತೆಗೆ ಎಪ್ಪತ್ತೊಂಬತ್ತು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಯಜಮಾನರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಇನ್ನೂ ಮೂರು ವರ್ಷ ಸರ್ವೀಸು ಇತ್ತು. ‘ನೋಡು, ನಿನಗ ಹ್ಯಾಂಗ ಸರಿ ಅನಸ್ತದ ಹಂಗ ಮಾಡು’ ಅಂದರು. ಅತ್ತೆ ಏನೂ ಅನ್ನಲಿಲ್ಲ. ಆ ರಾತ್ರಿ ಊಟ ಸೇರುವುದಿಲ್ಲ ಅಂದರು.

ಇನ್ನು ಗೆಳತಿಯರು. ಹೆಸರು ಹೇಳಬೇಡ ಎಂದು ಮೂವರೂ ತಾಕೀತು ಮಾಡಿದ್ದಾರೆ. ಕಸುಬಿನ ಮೇಲೆ ಕರೆಯುತ್ತೇನೆ. ಒಬ್ಬಳು ಹೈಸ್ಕೂಲಿನ ಗಣಿತದ ಟೀಚರು. ಒಬ್ಬಳು ವಿಮಾ ಏಜೆಂಟು. ನಲವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿತವಳು, ಕಾರು ಅವಳದೇ. ಮೂರನೆಯವಳು ನಮ್ಮ ಓಣಿಯಲ್ಲೇ ಬ್ಲೌಸ್ ಹೊಲಿಯುವ ಟೇಲರು. ‘ರಾತ್ರಿ ಬಸ್ಸಿನ್ಯಾಗ ಒಬ್ಬಾಕೀನ ಹೋಗಬ್ಯಾಡ, ನಾವs ಬಿಟ್ಟು ಬರ್ತೀವಿ’ ಎಂದು ಕಾರಿನವಳು ಹೇಳಿದಳು. ನಾವು ನಾಲ್ವರೂ ಅದುವರೆಗೆ ಗಂಡಸರಿಲ್ಲದೆ ದೂರ ಅಂತ ಹೋದದ್ದು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಮಾತ್ರ.

ಶನಿವಾರ ಬೆಳಿಗ್ಗೆ ಹೊರಟೆವು. ಡಿಕ್ಕಿಯಲ್ಲಿ ಹಾಸಿಗೆ ಸುರುಳಿ, ಮಿಕ್ಸರು, ಎರಡು ಸೂಟ್‌ಕೇಸು, ಉಪ್ಪಿನಕಾಯಿ ಭರಣಿ. ಹಿಂದಿನ ಸೀಟಿನಲ್ಲಿ ಟೇಲರಿನ ತೊಡೆಯ ಮೇಲೆ ಬುತ್ತಿಗಂಟು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಅತ್ತೆ ಬಾಗಿಲಿಗೆ ಬಂದು ನಿಂತರು. ನಮಸ್ಕಾರ ಮಾಡಿದೆ. ತಲೆಯ ಮೇಲೆ ಕೈ ಇಟ್ಟರು, ಮಾತಾಡಲಿಲ್ಲ.

ಕಿತ್ತೂರು ದಾಟುವಾಗ ಟೀಚರು ಚೆನ್ನಮ್ಮನ ಪಾಠ ಶುರುಮಾಡಿದಳು. ಕಾರಿನವಳು ‘ಸೂಟಿ ದಿವಸ ಶಾಳಿ ಬ್ಯಾಡ’ ಅಂದಳು. ಆದರೆ ಟೀಚರು ಸುಮ್ಮನಿರುವ ಪೈಕಿ ಅಲ್ಲ. ಧಾರವಾಡದಿಂದ ಪುಣೆಗೆ ಹೋದವರ ಪಟ್ಟಿಯನ್ನೇ ತೆಗೆದಳು. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲೇ ನೆಲೆಸಿದರು. ಅವರ ಗುರು ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ಅವರ ನೆನಪಿಗೆ 1953ರಿಂದ ಸಂಗೀತೋತ್ಸವ ನಡೆಯುವುದೂ ಪುಣೆಯಲ್ಲಿ. ‘ನೋಡು, ಎಷ್ಟು ದೊಡ್ಡವರು ಹೋದ ಹಾದಿ’ ಎಂದಳು. ಟೇಲರು ಬುತ್ತಿಗಂಟನ್ನು ಸರಿಮಾಡಿಕೊಳ್ಳುತ್ತ, ‘ಎಲ್ಲಾ ಗಂಡಸರs. ಒಬ್ಬಾಕಿ ಹೆಣ್ಣಮಗಳ ಹೆಸರು ಹೇಳು’ ಅಂದಳು. ಟೀಚರು ಗಂಗೂಬಾಯಿ ಹಾನಗಲ್ ಅಂದಳು, ತಕ್ಷಣ ತಾನೇ ತಿದ್ದಿಕೊಂಡಳು. ಅದೇ ಸವಾಯಿ ಗಂಧರ್ವರ ಶಿಷ್ಯೆಯಾದ ಗಂಗೂಬಾಯಿ, ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ದೇಶವೆಲ್ಲ ಹಾಡಿದರು, ಮನೆ ಮಾತ್ರ ಹುಬ್ಬಳ್ಳಿಯಲ್ಲೇ. ಸಂಕೇಶ್ವರದವರೆಗೂ ಇದೇ ಚರ್ಚೆ. ಪಟ್ಟಿಗೆ ಹೆಣ್ಣಿನ ಹೆಸರು ಸಿಗಲಿಲ್ಲ. ಇದ್ದಿರಲೇಬೇಕು, ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ.

ನಿಪ್ಪಾಣಿ ಬಂತು, ದೂಧಗಂಗಾ ದಾಟಿದೆವು, ಕಾಗಲ್ ಬಂತು. ಬೋರ್ಡುಗಳಲ್ಲಿ ಕನ್ನಡ ನಿಂತುಹೋಯಿತು. ಆ ರಾತ್ರಿ ಕೊಲ್ಹಾಪುರದಲ್ಲಿ ಉಳಿದೆವು. ಮಹಾಲಕ್ಷ್ಮಿ ನಮ್ಮ ತವರಿನ ಕುಲದೇವತೆ. ದರ್ಶನ ಮಾಡಿ ಹೊರಗೆ ಬಂದು ಟೇಲರು ಚಪ್ಪಲಿ ಚೌಕಾಶಿಗೆ ನಿಂತಳು, ಅರ್ಧ ಗಂಟೆ. ಕೊನೆಗೆ ಅಂಗಡಿಯವನು ‘ಬಾಯೀ, ಇದು ಅಥಣಿಯ ಮಾಲು, ಗಟ್ಟಿ ಬರುತ್ತದೆ’ ಎಂದು ಮರಾಠಿಯಲ್ಲಿ ಹೇಳಿದ. ನಾವು ನಕ್ಕದ್ದು ನೋಡಿ ಅವನಿಗೆ ಸಿಟ್ಟು ಬಂತು. ನಮ್ಮ ಜಿಲ್ಲೆಯ ಪಕ್ಕದ ಚಪ್ಪಲಿಯನ್ನು ಕೊಳ್ಳಲು ಟೇಲರು ಗಡಿ ದಾಟಿ ಬಂದಿದ್ದಳು.

ಮರುದಿನ ಕರಾಡದಲ್ಲಿ ಊಟಕ್ಕೆ ನಿಂತೆವು. ಅಲ್ಲಿ ಕೃಷ್ಣಾ ಮತ್ತು ಕೊಯ್ನಾ ಎದುರುಬದುರಾಗಿ ಬಂದು ಕೂಡುತ್ತವೆ. ಪ್ರೀತಿಸಂಗಮ ಅಂತ ಹೆಸರು. ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಮೊದಲ ತುತ್ತು ನುಂಗುವಾಗ ಏನಾಯಿತೋ, ನನಗೆ ಅಳು ಬಂತು. ಐವತ್ತೊಂದು ವರ್ಷದ ಹೆಂಗಸು, ಭಾನುವಾರ ಮಧ್ಯಾಹ್ನ, ನಾಲ್ಕು ಜನ ನೋಡುವ ಜಾಗದಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ‘ಗಾಡಿ ತಿರುಗಿಸ್ರಿ, ಮನಿಗೆ ಹೋಗೋಣು’ ಅಂದೆ.

ಯಾರೂ ಸಮಾಧಾನ ಮಾಡಲಿಲ್ಲ. ಕಾರಿನವಳು ರೊಟ್ಟಿ ಮುರಿಯುತ್ತಲೇ, ‘ತಿರುಗಸ್ತೀನಿ. ಪೆಟ್ರೋಲ್ ನಿನ್ನ ರೊಕ್ಕದ್ದು’ ಅಂದಳು. ಟೀಚರು ನದಿ ನೋಡಿ, ‘ಈ ನೀರು ಮುಂದ ನಮ್ಮ ಆಲಮಟ್ಟಿಗೇ ಹೋಗ್ತದ’ ಅಂದಳು. ಅದು ಸಮಾಧಾನವೋ ಭೂಗೋಳವೋ ತಿಳಿಯಲಿಲ್ಲ. ಟೇಲರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಾತಾಡಿದಳು. ‘ಇಪ್ಪತ್ತೆರಡು ವರ್ಷ ಆತು, ಅದs ಮಷೀನು, ಅದs ಕಿಡಕಿ. ನನಗ ಬಡ್ತಿ ಕೊಡಾವ್ರು ಯಾರೂ ಇಲ್ಲ. ಕೊಟ್ರ ತಗೋತಿದ್ನೋ ಇಲ್ಲೋ ಗೊತ್ತಿಲ್ಲ. ನಿನಗ ಕೊಟ್ಟಾರ. ಹೋಗಿ ನೋಡು. ಸೇರಲಿಲ್ಲ ಅಂದ್ರ ಬಾ, ಕಾಜಾ ಗುಂಡಿ ಹಚ್ಚಾಕ ನನಗೂ ಒಬ್ರು ಬೇಕಾಗ್ಯಾರ.’

ಅತ್ತುಕೊಂಡೇ ನಕ್ಕೆ. ಕೈ ತೊಳೆದು ಕಾರು ಹತ್ತಿದೆವು. ಸಾತಾರಾ ಮುಗಿದ ಮೇಲೆ ಖಂಬಾಟಕಿ ಘಾಟ ಬರುತ್ತದೆ. ನಿಮಗೆಲ್ಲ ಗೊತ್ತಲ್ಲ, ಪುಣೆಗೆ ಬರುವವರಿಗೆ ಅಲ್ಲಿ ಸುರಂಗವಿದೆ, ಒಂದೆರಡು ನಿಮಿಷದಲ್ಲಿ ಆಚೆ ಬಂದುಬಿಡುತ್ತೇವೆ. ಊರಿಗೆ ಹೋಗುವವರು ಮಾತ್ರ ಆಗ ಘಾಟ ಹತ್ತಬೇಕಿತ್ತು. ‘ಬರೋದು ಸಲೀಸು, ವಾಪಸ್ ಹೋಗೋದs ತ್ರಾಸು’ ಎಂದು ಕಾರಿನವಳು ಅಂದದ್ದು ರಸ್ತೆಯ ಬಗ್ಗೆ.

ಸಂಜೆ ಕೋಥರೂಡದ ಪಿಜಿಯಲ್ಲಿ ನನ್ನನ್ನು ಇಳಿಸಿದರು. ಒಳಗೆ ಅತಿಥಿಗಳಿಗೆ ಪ್ರವೇಶವಿಲ್ಲ. ಹಾಸಿಗೆ ಸುರುಳಿಯನ್ನು ಗೇಟಿನಲ್ಲೇ ಕೊಟ್ಟು, ಸ್ವಾರಗೇಟಿನ ಹತ್ತಿರ ಒಂದು ಲಾಡ್ಜಿನಲ್ಲಿ ಮಲಗಿ, ಸೋಮವಾರ ನಸುಕಿನಲ್ಲಿ ಹೊರಟುಹೋದರು. ನಾನು ಡ್ಯೂಟಿಗೆ ಸೇರಿದೆ.

ಆ ಮೊದಲ ತಿಂಗಳುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಿಜಿಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯರು, ನಡುವೆ ನಾನೊಬ್ಬಳು ಆಂಟಿ. ರಾತ್ರಿ ಒಂದು ಗಂಟೆಗೆ ಮ್ಯಾಗಿ ಮಾಡಿ ನನ್ನನ್ನೂ ಎಬ್ಬಿಸುತ್ತಿದ್ದರು. ಬಾಡಿಗೆ ಮನೆ ನೋಡಲು ಹೋದರೆ ಎಲ್ಲ ಕಡೆ ಒಂದೇ ಪ್ರಶ್ನೆ: ‘ತುಮಚೇ ಮಿಸ್ಟರ್ ಕುಠೇ ಅಸತಾತ?’ ಧಾರವಾಡದಲ್ಲಿ ಅಂದರೆ ಮುಖ ಸಪ್ಪಗಾಗುತ್ತಿತ್ತು. ಮರಾಠಿ ನನಗೆ ಕಿವಿಗೆ ಗೊತ್ತು, ಧಾರವಾಡದವರಿಗೆ ಅಷ್ಟು ಇರುತ್ತದೆ, ಬಾಯಿಗೆ ಗೊತ್ತಿರಲಿಲ್ಲ. ಕೌಂಟರಿನಲ್ಲಿ ‘ಮೀ ಆಲೋ’ ಅಂದುಬಿಡುತ್ತಿದ್ದೆ. ಗಂಡಸರ ಮಾತು ಅದು. ನಮ್ಮ ಕನ್ನಡದಲ್ಲಿ ‘ನಾನು ಬಂದೆ’ ಎನ್ನಲು ಗಂಡು ಹೆಣ್ಣು ಭೇದವಿಲ್ಲ ನೋಡಿ. ಪೆನ್ಷನ್ ತೆಗೆಯಲು ಬರುವ ಒಬ್ಬ ಅಜ್ಜಿ ಪ್ರತಿ ತಿಂಗಳೂ ‘ಆಲೋ ನಾಹೀ, ಆಲೇ’ ಎಂದು ತಿದ್ದುತ್ತಿದ್ದರು.

ದೀಪಾವಳಿಗೆ ಒಂದು ವಾರ ಇತ್ತು, ಅತ್ತೆ ಬಿದ್ದರು. ಹಿತ್ತಲ ಬಾಗಿಲ ಹತ್ತಿರ ಕಾಲು ಜಾರಿ, ಸೊಂಟದ ಎಲುಬು ಮುರಿಯಿತು. ಮೊದಲು ಕೇಳಿಸಿಕೊಂಡದ್ದು ಟೇಲರು. ಕಾರಿನವಳನ್ನು ಕರೆಸಿ, ಅದೇ ವ್ಯಾಗನ್‌ಆರ್‌ನಲ್ಲಿ ಆಸ್ಪತ್ರೆಗೆ ಒಯ್ದರು. ಯಜಮಾನರು ಕಾಲೇಜಿನಿಂದ ನೇರ ಅಲ್ಲಿಗೆ ಹೋದರು. ನಾನು ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ತಲುಪಿದೆ. ಆಪರೇಷನ್ ಆಯಿತು, ರಾಡು ಹಾಕಿದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ನೆಂಟರು ಬಂದು ನಿಂತರು. ನನ್ನ ಮುಂದೆಯೇ ಒಬ್ಬರು, ‘ಸೊಸಿ ಮನ್ಯಾಗಿದ್ರ ಹಿಂಗ ಆಗ್ತಿತ್ತೇನು?’ ಅಂದರು. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು, ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು. ಹತ್ತು ದಿನ ರಜೆ ಹಾಕಿ ಇದ್ದೆ. ಅತ್ತೆ ನನ್ನ ಕೈಯಿಂದ ಔಷಧಿ ತೆಗೆದುಕೊಂಡರು, ನೀರು ಕುಡಿದರು, ಒಂದೂ ಮಾತಾಡಲಿಲ್ಲ. ಪುಣೆಗೆ ತಿರುಗಿ ಬಂದ ದಿನವೇ ಅರ್ಜಿ ಬರೆದೆ. ಬಡ್ತಿ ವಾಪಸ್ ತೆಗೆದುಕೊಳ್ಳಿ, ನನ್ನನ್ನು ಕ್ಲರ್ಕ್ ಆಗಿಯೇ ಧಾರವಾಡಕ್ಕೆ ಕಳಿಸಿ ಅಂತ. ಮಡಚಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ದಿನಾ ಒಯ್ಯುತ್ತಿದ್ದೆ, ದಿನಾ ವಾಪಸ್ ತರುತ್ತಿದ್ದೆ.

ನವೆಂಬರ್ ಬಂತು. ಪುಣೆಯ ಬ್ಯಾಂಕುಗಳಲ್ಲಿ ನವೆಂಬರ್ ಎಂದರೆ ಪೆನ್ಷನ್‌ದಾರರ ಜಾತ್ರೆ. ‘ಹಯಾತೀಚಾ ದಾಖಲಾ’, ಅಂದರೆ ನಾನು ಬದುಕಿದ್ದೇನೆ ಎಂದು ಬರೆದುಕೊಡುವ ಪತ್ರ. ನನ್ನ ತಪ್ಪು ತಿದ್ದುತ್ತಿದ್ದ ಅಜ್ಜಿಯೂ ಬಂದರು. ಸಹಿ ಮಾಡಿ, ತೆಗೆದ ಹಣವನ್ನು ಅಲ್ಲೇ ನಿಂತು ಎಣಿಸತೊಡಗಿದರು. ತುಟಿ ಅಲ್ಲಾಡುತ್ತಿತ್ತು. ‘ಏಳು, ಎಂಟು, ಒಂಬತ್ತು...’

ಐದು ತಿಂಗಳಿಂದ ನನಗೆ ಮರಾಠಿ ಕಲಿಸುತ್ತಿದ್ದವರು ಕನ್ನಡದಲ್ಲಿ ಎಣಿಸುತ್ತಿದ್ದರು! ನಾನು ಇಪ್ಪತ್ತೇಳು ವರ್ಷ ಜನ ದುಡ್ಡು ಎಣಿಸುವುದನ್ನು ನೋಡಿದ್ದೇನೆ. ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಲಿ, ದುಡ್ಡು ಎಣಿಸುವುದು ಮಾತ್ರ ಹುಟ್ಟಿದ ಭಾಷೆಯಲ್ಲೇ. ‘ಅಜ್ಜಿ, ನಿಮ್ಮ ಊರು ಯಾವುದ್ರಿ?’ ಅಂದೆ. ಅವರು ನೋಟು ಕೆಳಗಿಟ್ಟು ನನ್ನ ಮುಖ ನೋಡಿದರು. ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಬೇಕಾಯಿತು.

ಗದಗಿನ ಕಡೆಯವರು. 1964ರಲ್ಲಿ ಮದುವೆಯಾಗಿ ಪುಣೆಗೆ ಬಂದವರು. ಆ ಭಾನುವಾರ ಮನೆಗೆ ಕರೆದರು. ನಾನು ನನ್ನ ದೊಡ್ಡ ಕಥೆ ಶುರುಮಾಡಿದೆ: ಬಡ್ತಿ, ಗೆಳತಿಯರು, ಕಾರು, ಕರಾಡದ ಅಳು. ಅಜ್ಜಿ ಎಲ್ಲ ಕೇಳಿ ಹೇಳಿದರು: ‘ನಿನ್ನ ಕೂಡ ಮೂರು ಮಂದಿ ಬಂದ್ರೇನು? ನನ್ನ ಕೂಡ ಬಂದದ್ದು ಒಂದು ಟ್ರಂಕು. ಹದಿನೆಂಟು ವರ್ಷ ನನಗ. ಮದಿವಿ ಆಗಿ ನಾಕು ದಿವಸ. ಯಾರ ಮುಂದ ಅಳಬೇಕು ಅಂತ ಗೊತ್ತಾಗಲಾರದ ಎಂಟು ದಿವಸ ಬಚ್ಚಲದಾಗ ಅತ್ತೆ.’

ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಎಷ್ಟು ಜನ ಹಾಗೆ ಬಂದಿದ್ದೀರಿ! ಹದಿನೆಂಟಕ್ಕೋ ಇಪ್ಪತ್ತೆರಡಕ್ಕೋ, ಭಾಷೆ ಬಾರದ ಊರಿಗೆ, ಕೆಲವೇ ದಿನದ ಹಿಂದೆ ಪರಿಚಯವಾದ ಒಬ್ಬ ಮನುಷ್ಯನ ಜೊತೆ. ನಿಮ್ಮ ತಾಯಿಗೆ ಆಗ ಹುಷಾರಿತ್ತೇ, ತಂದೆಯನ್ನು ನೋಡಿಕೊಳ್ಳುವವರು ಯಾರು ಎಂದು ಯಾರೂ ಕೇಳಲಿಲ್ಲ. ಅದಕ್ಕೆ ಧೈರ್ಯ ಅಂತಲೂ ಯಾರೂ ಅನ್ನಲಿಲ್ಲ. ಗಂಡನ ನೌಕರಿಗಾಗಿ ಊರು ಬಿಟ್ಟರೆ ಅದು ಸಂಸಾರ. ತನ್ನ ನೌಕರಿಗಾಗಿ ಬಿಟ್ಟರೆ ನೂರೆಂಟು ಪ್ರಶ್ನೆ. ನನಗೆ ಈಗಲೂ ಇದರ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಅದೇ ವಾರ ಟೀಚರು ಫೋನ್ ಮಾಡಿದಳು. ಅರ್ಜಿಯ ವಿಷಯ ಹೇಳಿದೆ. ಅವಳು ಲೆಕ್ಕದ ಟೀಚರಲ್ಲವೇ, ಕೇಳಿದಳು: ‘ನಿಮ್ಮ ಅತ್ತಿ ಬಿದ್ದದ್ದು ಎಷ್ಟು ಗಂಟೆಕ್ಕ?’

‘ಹನ್ನೊಂದೂವರಿಗೆ.’

‘ಯಾವ ವಾರ?’

‘ಗುರುವಾರ.’

‘ಗುರುವಾರ ಹನ್ನೊಂದೂವರಿಗೆ ನೀ ಧಾರವಾಡದಾಗ ಇದ್ದಿದ್ರ ಎಲ್ಲಿರ್ತಿದ್ದಿ?’

ಬ್ಯಾಂಕಿನಲ್ಲಿ. ಕೌಂಟರಿನಲ್ಲಿ. ಇಪ್ಪತ್ತೇಳು ವರ್ಷ ಆ ಹೊತ್ತಿಗೆ ನಾನು ಮನೆಯಲ್ಲಿ ಇದ್ದದ್ದೇ ಇಲ್ಲ. ಕೆಲಸದಾಕೆ ಹನ್ನೊಂದಕ್ಕೆ ಹೋಗುತ್ತಿದ್ದಳು, ಅತ್ತೆ ಒಂದು ಗಂಟೆಯವರೆಗೆ ಒಬ್ಬರೇ ಇರುತ್ತಿದ್ದರು. ನಾನು ಊರಿನಲ್ಲಿದ್ದಾಗಲೂ ಹಾಗೆಯೇ. ಇಷ್ಟು ಸಣ್ಣ ಲೆಕ್ಕ, ಮೂರು ವಾರ ನನ್ನ ತಲೆಗೆ ಹೊಳೆದಿರಲಿಲ್ಲ. ಇನ್ನೂ ಒಂದು ಮಾತು ಟೀಚರು ಹೇಳಲಿಲ್ಲ, ನಾನೇ ಯೋಚಿಸಿದೆ. ಯಜಮಾನರು ಆ ಹೊತ್ತಿಗೆ ಮನೆಯಿಂದ ಎರಡು ಕಿಲೋಮೀಟರ್ ದೂರದ ಕಾಲೇಜಿನಲ್ಲಿದ್ದರು. ‘ಮಗ ಮನ್ಯಾಗಿದ್ರ ಹಿಂಗ ಆಗ್ತಿತ್ತೇನು?’ ಎಂದು ಕಾರಿಡಾರಿನಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಅಂತಲ್ಲ. ಅವರದೂ ತಪ್ಪಿರಲಿಲ್ಲ, ಹಿತ್ತಲಲ್ಲಿ ನೀರು ನಿಂತಿತ್ತು ಅಷ್ಟೇ.

ಅರ್ಜಿ ಕೊಡಲಿಲ್ಲ. ಅದರ ಹಿಂಬದಿಯಲ್ಲಿ ಮನೆಸಾಮಾನಿನ ಪಟ್ಟಿ ಬರೆದೆ, ಏಕೆಂದರೆ ಅಜ್ಜಿ ತಮ್ಮ ಸೊಸೈಟಿಯಲ್ಲೇ ಒಂದು ಕೋಣೆ, ಅಡುಗೆಮನೆ ಇರುವ ಮನೆ ಕೊಡಿಸಿದ್ದರು. ಮಾಲಕರು ‘ಮಿಸ್ಟರ್’ ಪ್ರಶ್ನೆ ಕೇಳಿದಾಗ ಅಜ್ಜಿಯೇ ಮುಂದೆ ಬಂದು, ‘ಬಾಡಿಗೆ ಕೊಡುವವಳು ಇವಳು, ಇವಳನ್ನು ನೋಡಿ’ ಎಂದು ಮರಾಠಿಯಲ್ಲಿ ಹೇಳಿದರು. ಮುಂದಿನ ತಿಂಗಳು ನನ್ನನ್ನು ಈ ಸಂಘಕ್ಕೆ ಕರೆತಂದವರೂ ಅವರೇ. ಈಗ ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಅದಕ್ಕೆ ಇವತ್ತು ಬಂದಿಲ್ಲ. ಹೋಗುವಾಗ ಹೋಳಿಗೆ ಒಯ್ಯಬೇಕು ಅಂತ ಆಗಲೇ ಫೋನ್ ಬಂದಿದೆ.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಯಜಮಾನರು ಅಡುಗೆ ಕಲಿತರು. ಸಾರು ಚೆನ್ನಾಗಿ ಮಾಡುತ್ತಾರೆ, ಅನ್ನ ಇವತ್ತಿಗೂ ಮುದ್ದೆ. ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅತ್ತೆ ಕೋಲು ಹಿಡಿದು ನಡೆದಾಡಿದರು. ನನ್ನ ಜೊತೆ ಮಾತು ಶುರುವಾಯಿತು, ಮೊದಲಿನ ಹಾಗೆ ಆಗಲಿಲ್ಲ. 2019ರಲ್ಲಿ ತೀರಿಕೊಂಡರು. ಕೊನೆಯ ಹದಿನೈದು ದಿನ ಹತ್ತಿರ ಇದ್ದೆ. ಒಂದು ದಿನ, ‘ಪುಣಾದಾಗ ಮಳಿ ಭಾಳ ಏನು?’ ಅಂತ ಕೇಳಿದರು. ಎರಡು ವರ್ಷದಲ್ಲಿ ಅವರು ಪುಣೆಯ ಹೆಸರು ಎತ್ತಿದ್ದು ಅದೊಂದೇ ಸಲ. ‘ಧಾರವಾಡದಂಗs ಅದ್ರಿ’ ಅಂದೆ. ‘ಹಂಗಾರ ಅಡ್ಡಿ ಇಲ್ಲ’ ಅಂದರು. ಆ ಮಾತಿನ ಅರ್ಥ ನಾನು ಬಹಳ ದಿನ ಹುಡುಕಿದೆ. ಮಳೆಯ ಬಗ್ಗೆ ಮಾತ್ರವೇ ಇರಬಹುದು.

ಯಜಮಾನರು ನಿವೃತ್ತರಾಗಿ 2020ರ ಕೊನೆಗೆ ಇಲ್ಲಿಗೆ ಬಂದರು. ಈಗ ಸೊಸೈಟಿಯಲ್ಲಿ ಎಲ್ಲರೂ ಅವರನ್ನು ‘ಬ್ಯಾಂಕ್ ಮೇಡಂ ಅವರ ಮಿಸ್ಟರ್’ ಎಂದು ಗುರುತಿಸುತ್ತಾರೆ. ಮೊದಲು ಸ್ವಲ್ಪ ಇರುಸುಮುರುಸು ಇತ್ತು, ಈಗ ರೂಢಿಯಾಗಿದೆ.

ಹೊತ್ತಾಯಿತು, ಕಾರ್ಯದರ್ಶಿಯವರು ಗಡಿಯಾರ ನೋಡುತ್ತಿದ್ದಾರೆ. ಒಂದೇ ಕೆಲಸದ ಮಾತು ಉಳಿದಿದೆ. ನಮ್ಮ ಧಾರವಾಡ ಶಾಖೆಯ ಒಬ್ಬ ಹುಡುಗಿಗೆ ಬಡ್ತಿಯಾಗಿ ಪುಣೆಗೆ ಹಾಕಿದ್ದಾರೆ. ಆರು ವರ್ಷದ ಮಗನಿದ್ದಾನೆ, ಅವನನ್ನೂ ಕರೆದುಕೊಂಡು ಬರುತ್ತಾಳೆ. ಗಂಡನಿಗೆ ಅಲ್ಲಿ ಅಂಗಡಿ ಇದೆ, ಸದ್ಯಕ್ಕೆ ಬರುವಂತಿಲ್ಲ. ಬರುವ ಶನಿವಾರ ಕಾರಿನವಳು ಅವಳನ್ನು ಕೊಲ್ಹಾಪುರದವರೆಗೆ ತಂದು ಬಿಡುತ್ತಾಳೆ. ಈಗ ಅವಳಿಗೂ ಮೊಣಕಾಲು ನೋವು, ಅಷ್ಟೇ ದೂರ ಆಗುವುದು. ಅಲ್ಲಿಂದ ಮುಂದಕ್ಕೆ ನಾನು ಹೋಗಿ ಕರೆತರಬೇಕು. ಕೋಥರೂಡ, ಕರ್ವೆನಗರ, ವಾರಜೆ ಕಡೆ ಯಾರ ಸೊಸೈಟಿಯಲ್ಲಾದರೂ ಸಣ್ಣ ಮನೆ ಖಾಲಿ ಇದ್ದರೆ, ಹತ್ತಿರ ಶಾಲೆ ಇದ್ದರೆ, ದಯವಿಟ್ಟು ಊಟದ ಹೊತ್ತಿಗೆ ನನಗೆ ಹೇಳಿ. ನಾನು ಬಲಗಡೆ, ಹೋಳಿಗೆ ಬಡಿಸುವ ಮೇಜಿನ ಹತ್ತಿರ ಇರುತ್ತೇನೆ.